ಉಗ್ರನಿಗೆ ಗಲ್ಲೋ, ಸಾಯುವ ತನಕ ಜೈಲೋ? ದಾವಣಗೆರೆ, ದುರ್ಗದವರು ಏನಂತೀರಿ?

ಪಿ.ಜೆ. ಬಡಾವಣೆ ಮೇಷ್ಟ್ರು

ಬಾಂಬ್ ಇಟ್ಟು ಜನರನ್ನು ಕೊಂದ ಅಂತ ಕೋರ್ಟಿನಲ್ಲಿ ಸಾಬೀತಾದ ಮೇಲೆ ಅವನಿಗೆ ಗಲ್ಲೇ ಆಗಬೇಕೋ, ಜೀವಾವಧಿ ಸಾಕೋ? ನಮ್ಮ ವಾಕಿಂಗ್ ಗುಂಪಿನಲ್ಲಿ ಈ ಮಾತು ಎದ್ದರೆ ಕುಂದವಾಡ ಕೆರೆ ಸುತ್ತು ಮುಗಿದರೂ ಜಗಳ ಮುಗಿಯುವುದಿಲ್ಲ. ಹೆಚ್ಚಿನವರು ಗಲ್ಲು ಅಂತಾರೆ. ನಾನು ಜೈಲು ಅಂತೀನಿ. ಆದರೆ ಹೊರಗೆ ಬರುವ ದಾರಿ ಇಲ್ಲದ ಜೈಲು.

ಕಾರಣ ಹೇಳುತ್ತೇನೆ. 2006ರ ಜುಲೈ 11ರಂದು ಮುಂಬೈ ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ವಿಶೇಷ ಕೋರ್ಟ್ 12 ಮಂದಿಗೆ ಶಿಕ್ಷೆ ಕೊಟ್ಟಿತು. ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅಷ್ಟೂ ಜನರನ್ನು ನಿರ್ದೋಷಿಗಳು ಅಂತ ಬಿಟ್ಟಿತು. ಗಲ್ಲು ಆಗಿದ್ದ ಐವರಲ್ಲಿ ಒಬ್ಬ 2021ರಲ್ಲೇ ಜೈಲಿನಲ್ಲಿ ಕೊರೊನಾ ಬಂದು ಸತ್ತಿದ್ದ. ಉಳಿದ ನಾಲ್ವರನ್ನು ಆ ನಡುವೆ ನೇಣಿಗೆ ಹಾಕಿದ್ದರೆ ತೀರ್ಪಿನ ದಿನ ಯಾರನ್ನು ಬಿಡುತ್ತಿದ್ದರು? ಇದಕ್ಕೆ ಉತ್ತರ ಕೊಡಿ, ಆಮೇಲೆ ಬೈಯಿರಿ.

ಕೋಟೆ ಮಗ, ದುರ್ಗ

ಮೇಷ್ಟ್ರೇ, ನೀವು ತಪ್ಪಾಗಿ ಸಿಕ್ಕಿಬಿದ್ದವರ ವಿಷಯ ಹೇಳುತ್ತಿದ್ದೀರಿ. ಪ್ರಶ್ನೆ ಅದಲ್ಲ. 2008ರ ಮುಂಬೈ ದಾಳಿಯಲ್ಲಿ ಜೀವಂತ ಸಿಕ್ಕಿಬಿದ್ದ ಕಸಬ್ ವಿಷಯ ಹೇಳಿ. ಕೈಯಲ್ಲಿ ಗನ್ ಹಿಡಿದ ಫೋಟೋ ಇತ್ತು. ಸಿಸಿಟಿವಿ ಇತ್ತು. ನೋಡಿದವರು ಇದ್ದರು. 166 ಜನರ ಸಾವು. ಅವನನ್ನೂ ಸಾಕಬೇಕಿತ್ತಾ? 2012ರ ನವೆಂಬರ್ 21ರಂದು ಯೆರವಡಾದಲ್ಲಿ ನೇಣಿಗೆ ಹಾಕಿದರು. ಅವತ್ತು ನಾನು ಸಂತೆಹೊಂಡದ ಹತ್ತಿರ ಸ್ವೀಟ್ ಹಂಚಿದವನು. ಇವತ್ತೂ ಹಂಚುತ್ತೇನೆ.

ಜಗಳೂರು ಜೋಳ

ದುರ್ಗದಣ್ಣನಿಗೆ ನನ್ನ ವೋಟು.

ಚಳ್ಳಕೆರೆ ಎಣ್ಣೆಗಾಣ

ಜೀವಾವಧಿ ಅಂದ್ರೆ 14 ವರ್ಷ. ಆಮೇಲೆ ಆಗಸ್ಟ್ 15 ಬಂದರೆ ಸನ್ನಡತೆ ಅಂತ ಹೇಳಿ, ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಪೇಪರ್‌ನಲ್ಲಿ ಪ್ರತಿ ವರ್ಷ ಫೋಟೋ ಬರುತ್ತದೆ. ಅಲ್ಲಿ ತನಕ ಅನ್ನ, ಬಟ್ಟೆ, ಆಸ್ಪತ್ರೆ ಎಲ್ಲ ನಮ್ಮ ತೆರಿಗೆ ದುಡ್ಡು. ಉಗ್ರನಿಗೆ ಇದು ಶಿಕ್ಷೆಯಾ, ಪಿಂಚಣಿಯಾ?

ಕರಿಕೋಟು ಅಕ್ಕ

ಎಣ್ಣೆಗಾಣದ ಅಣ್ಣ, ಈ 14 ವರ್ಷದ ಮಾತನ್ನು ನಮ್ಮ ಕೋರ್ಟಿನ ಕಟ್ಟೆ ಮೇಲೆ ಕೂತವರಿಂದಲೂ ಕೇಳಿ ಕೇಳಿ ಸಾಕಾಗಿದೆ. ಜೀವಾವಧಿ ಅಂದರೆ ಉಸಿರು ಇರುವ ತನಕ. ಗೋಪಾಲ ಗೋಡ್ಸೆ ಕೇಸಿನಲ್ಲಿ 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 14 ವರ್ಷ ಬರುವುದು ಬೇರೆ ಕಡೆ. ಗಲ್ಲು ಆಗಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಆದವನನ್ನು ಸರ್ಕಾರ ಬಿಡಬೇಕಾದರೂ ಕನಿಷ್ಠ 14 ವರ್ಷ ಒಳಗೆ ಇದ್ದಿರಲೇಬೇಕು, ಅಷ್ಟೇ. ಅಷ್ಟು ವರ್ಷ ಕಳೆದ ತಕ್ಷಣ ಬಿಡುಗಡೆ ಅವನ ಹಕ್ಕಾಗುವುದಿಲ್ಲ.

ಇನ್ನೊಂದು ವಿಷಯ ಜನರಿಗೆ ಗೊತ್ತೇ ಇಲ್ಲ. ಗಲ್ಲಿಗೂ ಮಾಮೂಲಿ ಜೀವಾವಧಿಗೂ ನಡುವೆ ಮೂರನೇ ಶಿಕ್ಷೆ ಒಂದು ಇದೆ. ಅದು ಹುಟ್ಟಿದ್ದು ನಮ್ಮ ಕರ್ನಾಟಕದ ಕೇಸಿನಲ್ಲಿ. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆ ಅಂಗಳದಲ್ಲೇ ಹೂತ ಸ್ವಾಮಿ ಶ್ರದ್ಧಾನಂದನ ಕೇಸು. ಗಲ್ಲು ಜಾಸ್ತಿಯಾಯಿತು, 14 ವರ್ಷಕ್ಕೆ ಹೊರಗೆ ಬಂದರೆ ಕಡಿಮೆಯಾಯಿತು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಅವನಿಗೆ ಸಾಯುವ ತನಕ ಜೈಲು, ವಿನಾಯಿತಿ ಇಲ್ಲ ಅಂತ ಬರೆಯಿತು. 2015ರಲ್ಲಿ ಐದು ಜಡ್ಜ್‌ಗಳ ಪೀಠ ಬಹುಮತದಿಂದ ಇದು ಸರಿ ಅಂದಿತು. ಆದರೆ ಇಂಥ ಶಿಕ್ಷೆಯನ್ನು ಹೈಕೋರ್ಟ್, ಸುಪ್ರೀಂ ಕೋರ್ಟ್ ಮಾತ್ರ ಕೊಡಬಹುದು. ಕೆಳಕೋರ್ಟಿಗೆ ಆ ಅಧಿಕಾರ ಇಲ್ಲ.

ಮೇಷ್ಟ್ರು ಹೇಳಿದ ರೈಲು ಕೇಸಿಗೆ ಒಂದು ಸೇರಿಸುತ್ತೇನೆ. ಹೈಕೋರ್ಟ್ ತೀರ್ಪನ್ನು ಬೇರೆ ಕೇಸುಗಳಿಗೆ ಮಾದರಿಯಾಗಿ ಬಳಸಬಾರದು ಅಂತ ಅದೇ ವಾರ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಬಿಡುಗಡೆ ಆದವರನ್ನು ವಾಪಸ್ ಜೈಲಿಗೆ ಕಳಿಸಲಿಲ್ಲ.

ಚಳ್ಳಕೆರೆ ಎಣ್ಣೆಗಾಣ

ಸರಿ ಅಕ್ಕ. ಖರ್ಚಿನ ಮಾತಿಗೆ ಉತ್ತರ ಬರಲಿಲ್ಲ.

ಕರಿಕೋಟು ಅಕ್ಕ

ಖರ್ಚು ನೋಡಿ ಪ್ರಾಣ ತೆಗೆಯುವ ಕಾನೂನು ನಮ್ಮ ದೇಶದಲ್ಲಿ ಇಲ್ಲ, ಬರುವುದೂ ಬೇಡ. ಅದೂ ಅಲ್ಲದೆ ಗಲ್ಲು ಆದವನೂ ವರ್ಷಗಟ್ಟಲೆ ಒಳಗೇ ಇರುತ್ತಾನೆ. ಹೈಕೋರ್ಟ್ ಒಪ್ಪಬೇಕು. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುತ್ತದೆ. ಆಮೇಲೆ ಮರುಪರಿಶೀಲನೆ. 2014ರಿಂದ ಅದನ್ನು ಮೂವರು ಜಡ್ಜ್‌ಗಳು ತೆರೆದ ಕೋರ್ಟಿನಲ್ಲೇ ಕೇಳಬೇಕು. ಕೊನೆಗೆ ರಾಷ್ಟ್ರಪತಿಗಳ ಹತ್ತಿರ ಕ್ಷಮಾದಾನ ಅರ್ಜಿ. ಕೆಂಪುಕೋಟೆ ದಾಳಿ ನಡೆದದ್ದು 2000ದ ಡಿಸೆಂಬರ್‌ನಲ್ಲಿ. ಅದರ ಅಪರಾಧಿಯ ಮರುಪರಿಶೀಲನೆ ಅರ್ಜಿ ವಜಾ ಆದದ್ದು 2022ರಲ್ಲಿ. ಇಷ್ಟು ವರ್ಷ ಅವನಿಗೆ ಅನ್ನ ಹಾಕಿದವರು ಯಾರು? ನಾವೇ ಅಲ್ವಾ?

ಕೋಟೆ ಮಗ, ದುರ್ಗ

ಹಾಗಾದರೆ ತಡ ಮಾಡುವುದನ್ನು ನಿಲ್ಲಿಸಿ, ಗಲ್ಲನ್ನು ಯಾಕೆ ನಿಲ್ಲಿಸುತ್ತೀರಿ? ದುರ್ಗಕ್ಕೆ ಬಂದು ಕೋಟೆ ಹತ್ತಿ. ಓಬವ್ವನ ಕಿಂಡಿ ಇದೆ. ಹೈದರಾಲಿ ಸೈನಿಕರು ಒಬ್ಬೊಬ್ಬರೇ ನುಸುಳಿ ಬಂದಾಗ ಆಕೆ ಒನಕೆ ಎತ್ತಿದಳು. ಯಾವ ಕೋರ್ಟನ್ನೂ ಕೇಳಲಿಲ್ಲ. ಆ ಮಣ್ಣಿನವರು ನಾವು.

ಹರಿಹರದ ಹೊಳೆದಂಡೆ

ಓಬವ್ವನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಆಕೆಯ ಬಗ್ಗೆ ನನಗೂ ಅಷ್ಟೇ ಹೆಮ್ಮೆ ಇದೆ. ಆದರೆ ಆಕೆ ಹೊಡೆದದ್ದು ಕೋಟೆ ಒಳಗೆ ನುಗ್ಗುತ್ತಿದ್ದವರನ್ನು. ಆ ಕ್ಷಣ ಬಿಟ್ಟಿದ್ದರೆ ಕೋಟೆ ಅವತ್ತೇ ಹೋಗುತ್ತಿತ್ತು. ಕೈಕಾಲು ಕಟ್ಟಿ, ಹತ್ತು ವರ್ಷ ಕೋಣೆಯಲ್ಲಿ ಇಟ್ಟು, ಒಂದು ಬೆಳಿಗ್ಗೆ ಎಬ್ಬಿಸಿ ಕೊಂದಳಾ? ದಾಳಿ ಮಾಡುವವನನ್ನು ಗುಂಡಿಟ್ಟು ಕೊಲ್ಲಬೇಡಿ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಹಿಡಿದು ಕಟ್ಟಿಹಾಕಿದ ಮೇಲಿನ ಮಾತು ಇದು.

ಜಗಳೂರು ಜೋಳ

ಇದು ಪಾಯಿಂಟು.

ಮಾಜಿ ಹವಾಲ್ದಾರ್, ಹೊನ್ನಾಳಿ

ಸೈನ್ಯದಲ್ಲಿ ಇದ್ದು ಬಂದವನು ನಾನು. ಕಾಶ್ಮೀರದಲ್ಲೂ ಇದ್ದೆ. ಗಲ್ಲು ಬೇಕು ಅನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಅದೇ ಸಿಟ್ಟು ಇದೆ. ಆದರೆ ಒಂದು ವಿಷಯ ಯೋಚನೆ ಮಾಡಿ.

ಗಲ್ಲು ಇದ್ದರೆ ಉಗ್ರರು ಹೆದರುತ್ತಾರೆ ಅಂತೀರಿ. ಫಿದಾಯಿ ಅಂತ ಬರುವವನು ಸಾಯಲಿಕ್ಕೇ ಬರುತ್ತಾನೆ. ಮುಂಬೈಗೆ ಬಂದ ಹತ್ತು ಜನರಲ್ಲಿ ಒಂಬತ್ತು ಮಂದಿ ಅಲ್ಲೇ ಸತ್ತರು. ಅವರಿಗೆ ನೇಣಿನ ಹೆದರಿಕೆ ಏನು? ಕಸಬ್ ಜೀವಂತ ಸಿಕ್ಕಿದ್ದು ಯಾರಿಂದ ಗೊತ್ತಾ? ಎಎಸ್‌ಐ ತುಕಾರಾಮ್ ಓಂಬ್ಳೆ ಅವರಿಂದ. ಕೈಯಲ್ಲಿ ಬರೀ ಲಾಠಿ ಇತ್ತು. ರೈಫಲ್‌ನ ನಳಿಕೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಗುಂಡು ತಿಂದರೂ ಬಿಡಲಿಲ್ಲ. ಅವರು ಪ್ರಾಣ ಕೊಟ್ಟು ಹಿಡಿದುಕೊಟ್ಟ ಆ ಒಬ್ಬನಿಂದಲೇ ಹಡಗು, ತರಬೇತಿ, ಕರಾಚಿ ಎಲ್ಲ ಹೊರಗೆ ಬಂತು.

ಹೆಡ್ಲಿಯನ್ನು ನೋಡಿ. ಮುಂಬೈ ದಾಳಿಗೆ ಜಾಗ ನೋಡಿಕೊಟ್ಟವನು. ತಪ್ಪು ಒಪ್ಪಿಕೊಂಡು ಎಲ್ಲ ಹೇಳುತ್ತೇನೆ ಅಂದದ್ದಕ್ಕೆ ಅಮೆರಿಕ ಅವನಿಗೆ ಗಲ್ಲು ಕೇಳಲಿಲ್ಲ. 2013ರಲ್ಲಿ 35 ವರ್ಷ ಜೈಲು ಆಯಿತು. ಅದು ಕಡಿಮೆ ಅಂತ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ಆದರೆ ಬದುಕಿದ್ದ ಕಾರಣ 2016ರಲ್ಲಿ ಅಲ್ಲಿಂದಲೇ ವಿಡಿಯೋದಲ್ಲಿ ನಮ್ಮ ಮುಂಬೈ ಕೋರ್ಟಿಗೆ ಸಾಕ್ಷಿ ಹೇಳಿದ. ಸತ್ತವನ ಬಾಯಿಂದ ಏನು ಕೇಳುತ್ತೀರಿ?

ಕೋಟೆ ಮಗ, ದುರ್ಗ

ಹವಾಲ್ದಾರ್ ಸಾಹೇಬರಿಗೆ ನಮಸ್ಕಾರ. ನಿಮ್ಮ ಮುಂದೆ ವಾದ ಮಾಡಲು ಮನಸ್ಸು ಬರುವುದಿಲ್ಲ. ಆದರೂ ಕೇಳಲೇಬೇಕು. ಉಗ್ರನನ್ನು ಜೈಲಿನಲ್ಲಿ ಜೀವಂತ ಇಟ್ಟರೆ ಅವನನ್ನು ಬಿಡಿಸಲು ಇನ್ನೊಂದು ಗುಂಪು ಬರುತ್ತದೆ. 1999ರ ಡಿಸೆಂಬರ್‌ನಲ್ಲಿ ನಮ್ಮ ವಿಮಾನ ಅಪಹರಣವಾಗಿ ಕಂದಹಾರ್‌ಗೆ ಹೋಯಿತು. ಮಸೂದ್ ಅಜರ್‌ನನ್ನು ಪ್ರಯಾಣಿಕರ ಬದಲಿಗೆ ನಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದೆವು. ಮರುವರ್ಷ ಜೈಶ್ ಅನ್ನುವ ಉಗ್ರರ ಗುಂಪು ಕಟ್ಟಿದ. ಆಮೇಲೆ ಸಂಸತ್ತಿನ ಮೇಲೆ ದಾಳಿ, ಪುಲ್ವಾಮಾ. ಅವನು ಸತ್ತಿದ್ದರೆ?

ಕರಿಕೋಟು ಅಕ್ಕ

ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಗಲ್ಲಿನ ಪರ ಇರುವ ವಾದಗಳಲ್ಲಿ ಇದೇ ಗಟ್ಟಿ. ಆದರೆ ಮಸೂದ್ ಅಜರ್ 1994ರಿಂದ ನಮ್ಮ ಕೈಯಲ್ಲಿದ್ದ. ಐದು ವರ್ಷವಾದರೂ ಅವನಿಗೆ ಇಲ್ಲಿ ಶಿಕ್ಷೆಯೇ ಆಗಿರಲಿಲ್ಲ. ಗಲ್ಲಿನ ಕಾನೂನು ಆಗಲೂ ಇತ್ತು. ಶಿಕ್ಷೆಯೇ ಆಗದವನನ್ನು ನೇಣಿಗೆ ಹಾಕುವುದು ಹೇಗೆ? ಅಲ್ಲಿ ಕೈಕೊಟ್ಟದ್ದು ವಿಚಾರಣೆಯ ವೇಗ.

ಹರಿಹರದ ಹೊಳೆದಂಡೆ

ಒತ್ತೆಯಾಳು ಅಂದಾಗ ನಮಗೆ ಕಂದಹಾರ್ ಯಾಕೆ ಬೇಕು? 2000ದ ಜುಲೈ 30 ನೆನಪಿದೆಯಾ? ಅಣ್ಣಾವ್ರನ್ನು ವೀರಪ್ಪನ್ ಹೊತ್ತುಕೊಂಡು ಹೋದ. 108 ದಿನ. ನಾನು ಆಗ ಮಿಲ್ಲಿನ ಕೆಲಸಕ್ಕೆ ದಾವಣಗೆರೆಗೆ ಓಡಾಡುತ್ತಿದ್ದೆ. ಸಂಜೆಯಾದರೆ ರೇಡಿಯೋ ಮುಂದೆ ಜನ ಗುಂಪು ಕಟ್ಟುತ್ತಿದ್ದರು.

ಅವನ ಬೇಡಿಕೆಗಳಲ್ಲಿ ಮೈಸೂರು ಜೈಲಿನ ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾನೂನು) ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರ ಟಾಡಾ ಕೇಸು ಕೈಬಿಡಲು ಹೊರಟಿತ್ತು. ತಡೆದದ್ದು ಯಾರು? ವೀರಪ್ಪನ್ ಕಡೆಯವರು ಕೊಂದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ಆ ವಯಸ್ಸಾದ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟ್ ಅವರ ಮಾತು ಎತ್ತಿಹಿಡಿಯಿತು. ಕೈದಿಗಳು ಹೊರಗೆ ಬರಲಿಲ್ಲ. ನವೆಂಬರ್ 15ಕ್ಕೆ ಅಣ್ಣಾವ್ರೂ ಮನೆಗೆ ಬಂದರು. ಒತ್ತೆಯಾಳು ಇಟ್ಟುಕೊಂಡ ತಕ್ಷಣ ಕೈದಿಗಳನ್ನು ಬಿಡಲೇಬೇಕು ಅಂತ ಏನಿಲ್ಲ. ಮಗನನ್ನು ಕಳೆದುಕೊಂಡ ಒಬ್ಬರು ಇಡೀ ಸರ್ಕಾರವನ್ನು ನಿಲ್ಲಿಸಿದರು.

ಜಗಳೂರು ಜೋಳ

ಆ 108 ದಿನ ನಮ್ಮ ಅಪ್ಪ ಶೇವಿಂಗ್ ಮಾಡಿಕೊಳ್ಳಲಿಲ್ಲ. ಹರಕೆ. ಅಣ್ಣಾವ್ರು ಬಂದ ಮೇಲೆ ಉಚ್ಚಂಗಿದುರ್ಗಕ್ಕೆ ಹೋಗಿ ಮುಡಿ ಕೊಟ್ಟು ಬಂದರು.

ಚಳ್ಳಕೆರೆ ಎಣ್ಣೆಗಾಣ

ನಮ್ಮ ಊರಲ್ಲಿ ಥಿಯೇಟರ್ ಬಂದ್ ಆಗಿ ಮಂಡಕ್ಕಿ ಮಾರುವವರ ಗೋಳು ಕೇಳೋರಿರಲಿಲ್ಲ. ಆ ಕಥೆಗೆ ಬೇರೆ ಚರ್ಚೆ ತೆರೆಯೋಣ, ಬಹಳ ಇದೆ ಹೇಳುವುದಕ್ಕೆ.

ಪಿ.ಜೆ. ಬಡಾವಣೆ ಮೇಷ್ಟ್ರು

ತೆರೆಯೋಣ. ಆದರೆ ವೀರಪ್ಪನ್ ಹೆಸರು ಬಂತಲ್ಲ, ಪಾಲಾರ್ ಕೇಸನ್ನು ಹೇಳಲೇಬೇಕು. 1993ರ ಏಪ್ರಿಲ್‌ನಲ್ಲಿ ಅವನ ಕಡೆಯವರು ನೆಲಬಾಂಬ್ ಇಟ್ಟು 22 ಮಂದಿಯನ್ನು ಕೊಂದರು. ಮೈಸೂರಿನ ಟಾಡಾ ಕೋರ್ಟ್ ನಾಲ್ವರಿಗೆ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನ ಅರ್ಜಿ ವರ್ಷಗಟ್ಟಲೆ ದೆಹಲಿಯಲ್ಲಿ ಕೂತಿತು. 2013ರ ಫೆಬ್ರವರಿಯಲ್ಲಿ ತಿರಸ್ಕಾರ ಆಯಿತು. ಹಿಂಡಲಗಾ ಜೈಲಿನಲ್ಲಿ ಇವತ್ತು ನೇಣು, ನಾಳೆ ನೇಣು ಅಂತ ಟಿವಿಯವರು ಬೆಳಗಾವಿಯಲ್ಲಿ ಬೀಡುಬಿಟ್ಟಿದ್ದರು. 2014ರ ಜನವರಿಯಲ್ಲಿ ತಡವಾದ ಕಾರಣಕ್ಕೆ ಸುಪ್ರೀಂ ಕೋರ್ಟೇ ಮತ್ತೆ ಜೀವಾವಧಿಗೆ ಇಳಿಸಿತು. ಒಂದೇ ಕೇಸು, ಅದೇ ನಾಲ್ವರು. ಜೀವಾವಧಿ, ಗಲ್ಲು, ಮತ್ತೆ ಜೀವಾವಧಿ. ಸತ್ತ 22 ಮಂದಿಯ ಮನೆಯವರು ಇಪ್ಪತ್ತು ವರ್ಷ ಇದನ್ನು ನೋಡುತ್ತಾ ಕೂತರು. ಮೊದಲ ದಿನವೇ ‘ಸಾಯುವ ತನಕ ಹೊರಗಿಲ್ಲ’ ಅಂತ ಬರೆದಿದ್ದರೆ ಅವರಿಗೆ ಅವತ್ತೇ ಒಂದು ಉತ್ತರ ಸಿಗುತ್ತಿತ್ತು.

ವಿದ್ಯಾನಗರ ನರ್ಸ್

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಅಪರಾಧಿಯ ಕುತ್ತಿಗೆ ಬಗ್ಗೆಯೇ ಮಾತಾಡುತ್ತಿದ್ದೀರಿ. ಸುಟ್ಟ ಗಾಯದ ವಾರ್ಡ್‌ನಲ್ಲಿ ಕೆಲಸ ಮಾಡಿದವಳು ನಾನು. ಸಿಲಿಂಡರ್ ಸಿಡಿದವರು, ಪಟಾಕಿ ಗೋದಾಮಿನವರು ಬರುತ್ತಿದ್ದರು. ಡ್ರೆಸ್ಸಿಂಗ್ ಬದಲಾಯಿಸುವಾಗ ಅವರು ಕೂಗುವುದನ್ನು ಕೇಳಿದರೆ ಬಾಂಬ್ ಇಡುವವನನ್ನು ಮನುಷ್ಯ ಅನ್ನಲು ಬಾಯಿ ಬರುವುದಿಲ್ಲ. ಆದರೂ ನನ್ನ ಪ್ರಶ್ನೆ ಬೇರೆ.

ಮುಂಬೈ ಸಿಎಸ್‌ಟಿ ನಿಲ್ದಾಣದಲ್ಲಿ ಒಂಬತ್ತು ವರ್ಷದ ಹುಡುಗಿಯ ಕಾಲಿಗೆ ಗುಂಡು ಬಿತ್ತು. ಆ ಮಗು ಊರುಗೋಲು ಹಿಡಿದು ಕೋರ್ಟಿಗೆ ಬಂದು ಕಸಬ್‌ನನ್ನು ಗುರುತಿಸಿತು. ಅವನಿಗೆ ಗಲ್ಲು ಆಯಿತು, ಕೋಟೆ ಮಗ ಸ್ವೀಟ್ ಹಂಚಿದರು. ಆ ಹುಡುಗಿ ಮಾತ್ರ ಸರ್ಕಾರ ಕೊಡುತ್ತೇನೆ ಅಂದ ಮನೆಗಾಗಿ 2020ರಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ನೇಣಿನ ಸುದ್ದಿ ಬಂದರೆ ನಾವು ಟಿವಿ ಆರಿಸಿ ಮಲಗುತ್ತೇವೆ. ಕಾಲು ಹೋದವರು, ಕಿವಿ ಹೋದವರು ಮರುದಿನ ಆಸ್ಪತ್ರೆಗೆ ಬರುತ್ತಾರೆ. ಅವರಿಗೆ ಸಂಬಳದ ಕೆಲಸ, ಜೀವಮಾನದ ಚಿಕಿತ್ಸೆ ಕೊಡಿ ಅಂತ ಯಾಕೆ ಯಾರೂ ಜಯದೇವ ಸರ್ಕಲ್‌ನಲ್ಲಿ ಕೂರುವುದಿಲ್ಲ?

ಕೋಟೆ ಮಗ, ದುರ್ಗ

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು. ಆದರೆ ಅದೇ ಹುಡುಗಿ ಕಸಬ್‌ಗೆ ಗಲ್ಲು ಆಗಲಿ ಅಂತಲೇ ಕೇಳಿದ್ದಳು. ಪರಿಹಾರವೂ ಬೇಕು, ಗಲ್ಲೂ ಬೇಕು. ಒಂದು ಕೊಟ್ಟರೆ ಇನ್ನೊಂದು ಕೊಡಬಾರದು ಅಂತ ಎಲ್ಲಿದೆ?

ಮತ್ತೆ ಮೇಷ್ಟ್ರು, ವಕೀಲಕ್ಕ ಇಬ್ಬರಿಗೂ ಒಂದೇ ಪ್ರಶ್ನೆ. ‘ಸಾಯುವ ತನಕ ಜೈಲು’ ಅಂತ ಬಾಯಲ್ಲಿ ಹೇಳುವುದು ಸುಲಭ. ರಾಜೀವ್ ಗಾಂಧಿಯವರನ್ನು ಕೊಂದ ಕೇಸಿನಲ್ಲಿ ಶಿಕ್ಷೆ ಆದವರು ಎಲ್ಲಿದ್ದಾರೆ? ಮೂವರಿಗೆ ಗಲ್ಲು ಖಾಯಂ ಆಗಿತ್ತು. 2014ರಲ್ಲಿ ಜೀವಾವಧಿ ಆಯಿತು. 2022ರಲ್ಲಿ ಮೂವರೂ ಹೊರಗೆ ಬಂದರು. ಶ್ರೀಪೆರಂಬುದೂರಿನಲ್ಲಿ ಅವತ್ತು ಡ್ಯೂಟಿ ಮೇಲಿದ್ದ ಪೊಲೀಸರೂ ಸತ್ತಿದ್ದರು. ಅವರ ಮಕ್ಕಳು ಟಿವಿಯಲ್ಲಿ ಆ ಸ್ವಾಗತ, ಸಿಹಿ, ತಮಟೆ ಎಲ್ಲ ನೋಡಿದರು. ಇದಕ್ಕೆ ಏನು ಹೇಳುತ್ತೀರಿ?

ಜಗಳೂರು ಜೋಳ

ಇದಕ್ಕೆ ಉತ್ತರ ಬೇಕು.

ಕರಿಕೋಟು ಅಕ್ಕ

ಉತ್ತರ ಇದೆ, ಆದರೆ ಪೂರ್ತಿ ಸಮಾಧಾನ ಕೊಡುವ ಉತ್ತರ ಅಲ್ಲ.

ಅವರಿಗೆ 2014ರಲ್ಲಿ ಕೊಟ್ಟದ್ದು ಮಾಮೂಲಿ ಜೀವಾವಧಿ. ಬಿಡುಗಡೆಯ ಬಾಗಿಲು ತೆರೆದೇ ಇತ್ತು. ತಮಿಳುನಾಡು ಸಚಿವ ಸಂಪುಟ 2018ರಲ್ಲಿ ಬಿಡಿ ಅಂತ ಶಿಫಾರಸು ಮಾಡಿತು. ರಾಜ್ಯಪಾಲರು ತೀರ್ಮಾನ ಮಾಡದೆ ಇಟ್ಟುಕೊಂಡರು. ಕೊನೆಗೆ ಸುಪ್ರೀಂ ಕೋರ್ಟ್ ತನ್ನ ವಿಶೇಷ ಅಧಿಕಾರ ಬಳಸಿ ಬಿಟ್ಟಿತು. ಶ್ರದ್ಧಾನಂದ ಕೇಸಿನ ಹಾಗೆ ‘ವಿನಾಯಿತಿ ಇಲ್ಲ’ ಅಂತ ಬರೆದರೆ ಸರ್ಕಾರ ಸನ್ನಡತೆ ಲೆಕ್ಕ ಹಾಕಿ ಬಿಡಲು ಆಗುವುದಿಲ್ಲ.

ಆದರೆ ಒಂದು ಬಾಗಿಲು ಉಳಿಯುತ್ತದೆ. ರಾಷ್ಟ್ರಪತಿಗಳಿಗೆ 72ನೇ ವಿಧಿ, ರಾಜ್ಯಪಾಲರಿಗೆ 161ನೇ ವಿಧಿ ಕೊಟ್ಟ ಕ್ಷಮಾದಾನದ ಅಧಿಕಾರವನ್ನು ಯಾವ ಕೋರ್ಟೂ ಕಿತ್ತುಕೊಳ್ಳಲು ಆಗುವುದಿಲ್ಲ. ಅದು ಸಂವಿಧಾನದ್ದು. ಆ ಬಾಗಿಲಿನಲ್ಲಿ ರಾಜಕೀಯ ನುಗ್ಗದಂತೆ ನೋಡಿಕೊಳ್ಳುವುದು ವೋಟು ಹಾಕುವ ನಮ್ಮ ಕೆಲಸ.

ನಿಮ್ಮ ಜಿಲ್ಲೆಯ ಉದಾಹರಣೆಯನ್ನೇ ಕೊಡುತ್ತೇನೆ. ಉಮೇಶ್ ರೆಡ್ಡಿ ದುರ್ಗ ಜಿಲ್ಲೆಯವನೇ, ದುರ್ಗದಲ್ಲೇ ಪೊಲೀಸ್ ಆಗಿದ್ದವನು. ಉಗ್ರ ಅಲ್ಲ, ಆದರೆ ಅವನ ಹೆಸರು ಕೇಳಿದರೆ ಹೆಣ್ಣುಮಕ್ಕಳ ಮನೆಯವರು ಈಗಲೂ ನಡುಗುತ್ತಾರೆ. ಗಲ್ಲು ಖಾಯಂ ಆಗಿತ್ತು. ರಾಷ್ಟ್ರಪತಿಗಳು ಕ್ಷಮಾದಾನ ಕೊಡಲಿಲ್ಲ. ಆದರೆ ಬೆಳಗಾವಿ ಜೈಲಿನಲ್ಲಿ ಅವನನ್ನು ಕಾನೂನು ಮೀರಿ ವರ್ಷಗಟ್ಟಲೆ ಒಂಟಿ ಸೆಲ್‌ನಲ್ಲಿ ಇಟ್ಟಿದ್ದರು. ಆ ಕಾರಣಕ್ಕೆ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಕನಿಷ್ಠ 30 ವರ್ಷ ಜೈಲಿಗೆ ಇಳಿಸಿತು. ಗಲ್ಲು ಅಂತ ತೀರ್ಪು ಬಂದ ಮಾತ್ರಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಅದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಇಡೀ ಶಿಕ್ಷೆ ಜಾರುತ್ತದೆ.

ಮಾಜಿ ಹವಾಲ್ದಾರ್, ಹೊನ್ನಾಳಿ

ಇನ್ನೊಂದು ಲೆಕ್ಕ ಇದೆ. ಓಡಿಹೋದವರನ್ನು ವಾಪಸ್ ತರುವ ಲೆಕ್ಕ. ಗಲ್ಲು ರದ್ದಾದ ದೇಶಗಳು ನೇಣಿಗೆ ಹಾಕುತ್ತಾರೆ ಅಂದರೆ ಆಳನ್ನು ಕೊಡುವುದೇ ಇಲ್ಲ. 1993ರ ಮುಂಬೈ ಸ್ಫೋಟದ ಅಬು ಸಲೇಂನನ್ನು ಪೋರ್ಚುಗಲ್ 2005ರಲ್ಲಿ ಕೊಟ್ಟದ್ದು ಗಲ್ಲು ಇಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲು ಇಲ್ಲ ಅಂತ ನಾವು ಮಾತು ಕೊಟ್ಟ ಮೇಲೆ. ಅದೇ ಸ್ಫೋಟದ ಕೇಸಿನಲ್ಲಿ ಯಾಕೂಬ್ ಮೆಮನ್‌ಗೆ 2015ರಲ್ಲಿ ನೇಣಾಯಿತು. ಹೊರಗೆ ಓಡಿಹೋದವನಿಗೆ 25 ವರ್ಷ, ನಮ್ಮ ಕೈಯಲ್ಲೇ ಇದ್ದವನಿಗೆ ನೇಣು. ಇದು ನನಗೆ ಸರಿ ಕಾಣುವುದಿಲ್ಲ.

ಚಳ್ಳಕೆರೆ ಎಣ್ಣೆಗಾಣ

ಕಾನೂನು ಆಯೋಗ ಗಲ್ಲು ತೆಗೆಯಿರಿ ಅಂದಿತ್ತು, ಆದರೆ ಉಗ್ರರಿಗೆ ಇರಲಿ ಅಂದಿತ್ತು ಅಲ್ವಾ? ಅಷ್ಟು ಓದಿದವರೇ ಹಾಗೆ ಅಂದ ಮೇಲೆ ನಮ್ಮದೇನು?

ಕರಿಕೋಟು ಅಕ್ಕ

ಹೌದು, 2015ರ 262ನೇ ವರದಿ. ಆದರೆ ಅದರಲ್ಲೇ ಇನ್ನೊಂದು ಮಾತಿದೆ. ಶಿಕ್ಷೆಯ ದೃಷ್ಟಿಯಿಂದ ನೋಡಿದರೆ ಭಯೋತ್ಪಾದನೆಯನ್ನು ಬೇರೆ ಮಾಡಲು ಕಾರಣವಿಲ್ಲ, ದೇಶದ ಭದ್ರತೆಯ ಬಗ್ಗೆ ಆತಂಕ ಇರುವುದರಿಂದ ಬಿಟ್ಟಿದ್ದೇವೆ ಅಂತ. ನನಗೆ ಇದು ಉಲ್ಟಾ ಕಾಣುತ್ತದೆ. ತಪ್ಪು ಆಳನ್ನು ಹಿಡಿಯುವ ಅಪಾಯ ಜಾಸ್ತಿ ಇರುವುದು ಉಗ್ರರ ಕೇಸಿನಲ್ಲೇ. ಊರೆಲ್ಲ ಹೊತ್ತಿ ಉರಿಯುತ್ತಿರುತ್ತದೆ. ಪೊಲೀಸರ ಮೇಲೆ ಒತ್ತಡ ಇರುತ್ತದೆ. ಗುಜರಾತಿನ ಅಕ್ಷರಧಾಮ ದೇವಸ್ಥಾನದ ಮೇಲಿನ ದಾಳಿಯ ಕೇಸಿನಲ್ಲಿ ಮೂವರಿಗೆ ಗಲ್ಲು ಆಗಿ, ಹೈಕೋರ್ಟೂ ಒಪ್ಪಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕೇಸಿನಲ್ಲಿ ಶಿಕ್ಷೆ ಆಗಿದ್ದ ಆರೂ ಮಂದಿಯನ್ನು ನಿರ್ದೋಷಿಗಳು ಅಂದಿತು. ದೇವಸ್ಥಾನದಲ್ಲಿ ಸತ್ತ ಭಕ್ತರಿಗೆ ನ್ಯಾಯ ಸಿಗಲಿಲ್ಲ. ಒಳಗೆ ಹತ್ತು ವರ್ಷ ಕೊಳೆತವರಿಗೂ ಸಿಗಲಿಲ್ಲ. ನಿಜವಾದ ಸಂಚುಕೋರರು ಆರಾಮಾಗಿ ಉಳಿದರು.

ವಿದ್ಯಾನಗರ ನರ್ಸ್

ಅದನ್ನೇ ನಾನು ಹೇಳುವುದು. ತಪ್ಪು ಆಳಿಗೆ ನೇಣು ಹಾಕಿದರೆ ಕೇಸು ಮುಚ್ಚಿಹೋಗುತ್ತದೆ. ಬಾಂಬ್ ಇಟ್ಟವನನ್ನು ಆಮೇಲೆ ಯಾರು ಹುಡುಕುತ್ತಾರೆ?

ಕೋಟೆ ಮಗ, ದುರ್ಗ

ಹೈದರಾಬಾದ್ ದಿಲ್‌ಸುಖ್‌ನಗರದ ಕೇಸು ಇದೆ. 2013ರ ಫೆಬ್ರವರಿ, 18 ಮಂದಿ ಸತ್ತರು. ಶಿಕ್ಷೆ ಆದವರಲ್ಲಿ ನಮ್ಮ ಭಟ್ಕಳದ ಯಾಸೀನ್ ಒಬ್ಬ. 2016ರಲ್ಲಿ ಗಲ್ಲು ಆಯಿತು. 2025ರ ಏಪ್ರಿಲ್‌ನಲ್ಲಿ ತೆಲಂಗಾಣ ಹೈಕೋರ್ಟ್ ಐವರ ಗಲ್ಲನ್ನೂ ಖಾಯಂ ಮಾಡಿತು. ಇಲ್ಲಿ ಎರಡು ಕೋರ್ಟ್ ಒಪ್ಪಿವೆ. ಇದರಲ್ಲೂ ನಿಮಗೆ ಅನುಮಾನವೇ?

ಪಿ.ಜೆ. ಬಡಾವಣೆ ಮೇಷ್ಟ್ರು

ಅಕ್ಷರಧಾಮದಲ್ಲೂ ಎರಡು ಕೋರ್ಟ್ ಒಪ್ಪಿದ್ದವು. ನಾನು ಇವರು ನಿರಪರಾಧಿಗಳು ಅನ್ನುತ್ತಿಲ್ಲ. ಸುಪ್ರೀಂ ಕೋರ್ಟ್ ಪೂರ್ತಿ ನೋಡಲಿ. ಅಪರಾಧ ಗಟ್ಟಿ ಅಂತಾದರೆ ಗಲ್ಲಿನ ಬದಲು ಸಾಯುವ ತನಕ ಜೈಲು, ವಿನಾಯಿತಿ ಇಲ್ಲ, ಪೆರೋಲ್ ಇಲ್ಲ ಅಂತ ಬರೆಯಲಿ. ನೀವು ಅದನ್ನು ಒಪ್ಪುತ್ತೀರಾ? ಹೌದು ಅಥವಾ ಇಲ್ಲ ಅನ್ನಿ.

ಕೋಟೆ ಮಗ, ದುರ್ಗ

ವಕೀಲಕ್ಕ ಹೇಳಿದ ಆ 161ರ ಬಾಗಿಲನ್ನು ಉಗ್ರರ ಮಟ್ಟಿಗಾದರೂ ಮುಚ್ಚಿ ಕೊಡಿ, ಆಗ ಒಪ್ಪುತ್ತೇನೆ. ಹೆಣವಾಗಿ ಹೊರಗೆ ಬರಬೇಕು, ಹಾರ ಹಾಕಿಸಿಕೊಂಡು ಅಲ್ಲ. ಅದು ಆಗುವ ತನಕ ನನ್ನ ವೋಟು ಗಲ್ಲಿಗೇ.

ಕರಿಕೋಟು ಅಕ್ಕ

ಅದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕು ಅಣ್ಣ. ಪೆರೋಲ್‌ಗೆ ಅಷ್ಟು ಬೇಡ, ರಾಜ್ಯ ಸರ್ಕಾರ ಜೈಲು ನಿಯಮ ಬದಲಿಸಿದರೆ ಸಾಕು. ಮೊದಲು ಅದನ್ನು ಕೇಳೋಣ. ನಾನು ಮನವಿ ಬರೆದುಕೊಡುತ್ತೇನೆ, ನೀವು ದುರ್ಗದಲ್ಲಿ ಸಹಿ ಹಾಕಿಸುತ್ತೀರಾ?

ಕೋಟೆ ಮಗ, ದುರ್ಗ

ಬರೆಯಿರಿ. ನರ್ಸಕ್ಕ ಹೇಳಿದ ಚಿಕಿತ್ಸೆ, ಕೆಲಸದ ಮಾತನ್ನೂ ಅದರಲ್ಲೇ ಸೇರಿಸಿ. ಸಹಿ ಹಾಕಿಸುವ ಕೆಲಸ ನನಗೆ ಬಿಡಿ.